ಹದಿನಾಲ್ಕು ಮೆಟ್ಟಿಲಿನ ಟೆಸ್ಟ್ ಮ್ಯಾಚು

ಈ ಮನೆಯವರ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಒಂದು ಮಂಗಳವಾರ, ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು. ದೊಡ್ಡಪ್ಪ ಹೊರಗೆ ಕುರ್ಚಿಯಲ್ಲಿ ಕುಳಿತು ನನ್ನ ಅಮ್ಮನಿಗೆ ಸಂಬಂಧದ ವಿವರ ಒಪ್ಪಿಸುತ್ತಿದ್ದರು.

“ಸ್ವಂತ ಮನೆ. ಕೆಳಗಡೆ ಸ್ವಂತ ಪ್ರೆಸ್ಸು. ಅಪ್ಪ ಮಗ ಇಬ್ರೂ ಕೂತು ಅಚ್ಚುಮೊಳೆ ಜೋಡಿಸ್ತಾರೆ. ಕುಡಿಯೋದಿಲ್ಲ, ಇಸ್ಪೀಟು ಮುಟ್ಟೋದಿಲ್ಲ.”

“ಹಾಗಾದ್ರೆ ಬೇರೆ ಏನೋ ಇರ್ಬೇಕು,” ಎಂದಳು ಅಮ್ಮ. (ದೋಷವಿಲ್ಲದ ಗಂಡಸನ್ನು ಆಕೆ ಜನ್ಮದಲ್ಲಿ ನಂಬಿದವಳಲ್ಲ.)

“ಏನೂ ಇಲ್ಲ ಮಾರಾಯ್ತಿ. ಯಾವಾಗಲೋ ಒಂದ್ಸಲ ರೇಡಿಯೋದಲ್ಲಿ ಟೆಸ್ಟ್ ಮ್ಯಾಚು ಕೇಳ್ತಾರಂತೆ.”

“ಅಷ್ಟೇನಾ? ಕೇಳ್ಕೊಳ್ಲಿ ಬಿಡು. ಸವೆಯೋದು ಅವರ ಕಿವಿ ತಾನೇ?”

ನನ್ನ ಹಣೆಬರಹಕ್ಕೆ ಅಲ್ಲೇ ಮೊಹರು ಬಿತ್ತು. ಟೆಸ್ಟ್ ಮ್ಯಾಚು ಒಂದು ಶುರುವಾದರೆ ಐದು ದಿನ ಎಂದು ದೊಡ್ಡಪ್ಪ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಟೆಸ್ಟ್ ಎಂದರೆ ಮೇಷ್ಟರು ಕೊಡುವ ಪರೀಕ್ಷೆ. ಹಾಗೆ ತಿಳಿದದ್ದು ತಪ್ಪೇನೂ ಆಗಲಿಲ್ಲ. ಬರೆಯಬೇಕಾದವಳು ನಾನು ಎನ್ನುವುದೊಂದು ಗೊತ್ತಿರಲಿಲ್ಲ, ಅಷ್ಟೆ.

ಮನೆ ಹೀಗಿತ್ತು. ಕೆಳಗೆ ಪ್ರೆಸ್ಸು: ಒಂದು ಕಾಲಲ್ಲಿ ತುಳಿಯುವ ಮೆಷಿನ್ನು, ಅಕ್ಷರಗಳ ಮರದ ಖಾನೆಗಳು, ಕಾಗದದ ಕಟ್ಟು, ಅಂಟಿನ ಡಬ್ಬ. ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಾವಿರುವ ಮೂರು ಕೋಣೆ. ಮಾವನವರ ಮಂಚ ಸರಿಯಾಗಿ ಮೆಷಿನ್ನಿನ ನೆತ್ತಿಯ ಮೇಲೆ. ಮಾವನವರು ಜನ್ಮದಲ್ಲಿ ಒಂದು ಮ್ಯಾಚನ್ನೂ ಕಣ್ಣಾರೆ ಕಂಡವರಲ್ಲ. ಅವರದು ಕೇವಲ ಶ್ರವಣಭಕ್ತಿ. ಆದರೆ ಆಡುವವರಿಗಿಂತ ಹೆಚ್ಚಾಗಿ ಬೆವರುತ್ತಿದ್ದರು.

ನಾನು ಸೊಸೆಯಾಗಿ ಬಂದ ಐದನೆಯ ವರ್ಷ, ಯಾರೋ ಒಬ್ಬ ಪುಣ್ಯಾತ್ಮ ತೊಂಬತ್ತೆಂಟಕ್ಕೆ ಔಟಾದ. ಮಾವನವರು ಎದೆ ಹಿಡಿದುಕೊಂಡು ಕಾಗದದ ಕಟ್ಟಿನ ಮೇಲೆ ಕುಸಿದರು. ಹೇಗೋ ಉಳಿದುಕೊಂಡರು. ಮೂರು ವಾರ ಕಳೆದು ಇನ್ನೊಂದು ಟೆಸ್ಟು ಶುರುವಾಗುವ ಹಿಂದಿನ ದಿನ ಡಾಕ್ಟರು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

“ರೇಡಿಯೋ ಕೂಡದು. ಸ್ಕೋರು ಕೂಡದು. ಮ್ಯಾಚು ಅನ್ನೋ ಶಬ್ದಾನೇ ಅವರ ಕಿವಿಗೆ ಬೀಳಕೂಡದು. ಇನ್ನೊಂದ್ಸಲ ಎದೆ ಹಿಡ್ಕೊಂಡ್ರೆ ನನ್ನ ಕರೀಬೇಡಿ, ಹೆಗಲು ಕೊಡೋರನ್ನ ಕರೀರಿ.” ಆಮೇಲೆ ಎಲ್ಲರ ಮುಖ ನೋಡಿ, ಬೆರಳು ನನ್ನ ಕಡೆ ತಿರುಗಿಸಿದರು. “ಜವಾಬ್ದಾರಿ ಈ ಹೆಣ್ಣುಮಗಳದು. ಈ ಮನೇಲಿ ಬುದ್ಧಿ ನೆಟ್ಟಗಿರೋದು ಇವಳೊಬ್ಬಳಿಗೇ.”

ಹೊಗಳಿಕೆಗೆ ಉಬ್ಬಿ ಒಪ್ಪಿಕೊಂಡೆ. ಕೆಟ್ಟೆ.

ಮೊದಲ ದಿನವೇ ಗೊತ್ತಾಯಿತು, ರೇಡಿಯೋದ ಸದ್ದು ಮೇಲೆ ಕೇಳಿಸದಿದ್ದರೂ ಮಾವನವರಿಗೆ ಎಲ್ಲವೂ ಕೇಳಿಸುತ್ತದೆ ಎಂದು. ಮೆಷಿನ್ನು ಲಯವಾಗಿ ಓಡುತ್ತಿದ್ದರೆ ಆಟ ಸರಿಯಾಗಿದೆ. ಥಟ್ಟನೆ ನಿಂತರೆ ವಿಕೆಟ್ ಬಿತ್ತು. ಮತ್ತೆ ಹುಚ್ಚು ಹಿಡಿದಂತೆ ಓಡಿದರೆ ಬೌಂಡರಿ. ಮಲಗಿದಲ್ಲೇ ಹೇಳಿದರು: “ಮೂರು ಹೋಯ್ತು, ಅಲ್ವೇನಮ್ಮಾ?” ನಾನು ಕೆಳಗೆ ಹೋಗಿ ಕೇಳಿದರೆ ನಿಜವಾಗಿಯೂ ಮೂರು ಹೋಗಿತ್ತು!

ಆಗ ಹೊಳೆಯಿತು ಆ ಮಹಾ ಉಪಾಯ. ಆಕಾಶವೇ ಕಳಚಿ ಬಿದ್ದರೂ ಮೆಷಿನ್ನು ನಿಲ್ಲಿಸಕೂಡದು, ಜೋರಾಗಿ ಓಡಿಸಲೂ ಕೂಡದು ಎಂದು ಅಪ್ಪಣೆ ಕೊಡಿಸಿದೆ. ಪಾಪ, ಮೆಷಿನ್ ಮಾಮ (ಅದನ್ನು ತುಳಿಯುವವನನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು) ಬೆಳಿಗ್ಗೆಯಿಂದ ಸಂಜೆವರೆಗೆ ತುಳಿದ. ಶಾಲೆಯ ಫಾರಂ ಮುಗಿಯಿತು, ಬಸ್ಸಿನ ಟಿಕೆಟ್ಟು ಮುಗಿಯಿತು. ಬೇರೆ ಕೆಲಸವಿಲ್ಲದೆ ಡಾಕ್ಟರ ಔಷಧದ ಚೀಟಿಗಳನ್ನೇ ಅಚ್ಚು ಹಾಕಿದರು. ಅವರು ಕೇಳಿದ್ದು ಸಾವಿರ. ನಾವು ಹಾಕಿದ್ದು ಊರಿನ ಮುಂದಿನ ಎರಡು ತಲೆಮಾರಿಗೆ ಕಾಯಿಲೆ ಬರುವಷ್ಟು.

ನಾಲ್ಕು ದಿನ ಉಪಾಯ ನಡೆಯಿತು. ಮಾವನವರು ಸೂರು ನೋಡುತ್ತ ಮಲಗಿದ್ದರು. ನಾನು ಬೀಗಿದೆ.

ಐದನೆಯ ದಿನ ಮಧ್ಯಾಹ್ನದ ನಂತರ ಕೆಳಗಿಳಿದೆ. ಪ್ರೆಸ್ಸಿನಲ್ಲಿ ಸಾವಿನ ಮನೆಯ ಕಳೆ. ನಮ್ಮವರು ಗೆಲ್ಲುವ ಮಾತು ಯಾವಾಗಲೋ ಸತ್ತಿತ್ತು. ಸಂಜೆವರೆಗೆ ಔಟಾಗದೆ ನಿಂತರೆ ಸಾಕು ಎನ್ನುವ ಸ್ಥಿತಿ. ಒಂಬತ್ತು ಜನ ಹೋಗಿಯಾಗಿತ್ತು. ಉಳಿದವರಲ್ಲಿ ಒಬ್ಬ ಬ್ಯಾಟು ಹಿಡಿಯಲು ಬಾರದವನು, ಇನ್ನೊಬ್ಬ ಅವನಿಗಿಂತ ಕಡೆಯಂತೆ. (ನಮ್ಮವರು ಎಂದರೆ ಇಲ್ಲಿ ತಂಡದವರು. ಮನೆಯವರಾದ ನಮ್ಮವರು ಖಾನೆಗೆ ಒರಗಿ, ಬಲಗೈಯಲ್ಲಿ ಒಂದು ಅಚ್ಚುಮೊಳೆ ಹಿಡಿದು ಕಲ್ಲಾಗಿ ನಿಂತಿದ್ದರು.)

“ಯಾಕೆ ಹೀಗೆ ನಿಂತಿದೀರಿ?”

“ಶ್! ಒಂಬತ್ತನೇದು ಬಿದ್ದಾಗಿನಿಂದ ಹೀಗೇ ನಿಂತಿದೀನಿ. ಆಮೇಲೆ ಒಂದೂ ಬಿದ್ದಿಲ್ಲ. ಅಲ್ಲಾಡಬಾರದು.”

ನೋಡುತ್ತೇನೆ, ಯಾರೂ ಅಲ್ಲಾಡುತ್ತಿಲ್ಲ! ಪುಸ್ತಕ ಕಟ್ಟುವ ಬೈಂಡರು ಒಂದು ಕೈ ಅಂಟಿನ ಡಬ್ಬದಲ್ಲಿ ಅದ್ದಿ ಕೂತಿದ್ದಾನೆ. ಮೆಷಿನ್ ಮಾಮ ತುಳಿಯುತ್ತಲೇ ಇದ್ದಾನೆ, ಆದರೆ ಮೆಷಿನ್ನಿನ ಬಾಯಲ್ಲಿ ಕಾಗದವೇ ಇಲ್ಲ.

“ಪೇಪರ್ ಆಗಲೇ ಮುಗೀತಮ್ಮ,” ಎಂದ ಏದುಸಿರು ಬಿಡುತ್ತ. “ನಿಲ್ಲಿಸ್ಲಾ ಅಂದ್ರೆ ಇವರು ಕೊಂದೇ ಬಿಡ್ತಾರೆ. ನನ್ನ ಕಾಲು ನನ್ನವಲ್ಲ ಈಗ.”

“ನಿಲ್ಲಿಸಿ ನೋಡು!” ಎಂದು ಗುಡುಗಿದರು ಇವರು, ತುಟಿ ಬಿಟ್ಟು ಬೇರೇನನ್ನೂ ಅಲ್ಲಾಡಿಸದೆ.

ನಾನು ತಲೆ ಚಚ್ಚಿಕೊಂಡು ಮೇಲೆ ಹೋದೆ. ಮಾವನವರು ಎದ್ದು ಕೂತಿದ್ದರು. ಮುಖ ಬಿಳಿಚಿತ್ತು, ಕೈ ಎದೆಯ ಮೇಲಿತ್ತು.

“ಖಾಲಿ ಓಡ್ತಿದೆ,” ಎಂದರು.

“ಏನು ಮಾವ?”

“ಮೆಷಿನ್ನು. ಕಾಗದ ಇದ್ರೆ ಚಟ್ ಅನ್ನುತ್ತೆ. ಈಗ ಟಣ್ ಅಂತಿದೆ. ಕಾಗದ ಇಲ್ದೆ ಯಾರಾದ್ರೂ ಓಡಿಸ್ತಾರಾ? ನಿಲ್ಲಿಸೋಕೆ ಹೆದರಿದ್ರೆ ಮಾತ್ರ ಓಡಿಸ್ತಾರೆ.” ನನ್ನ ಕಡೆ ತಿರುಗಿದರು. “ಒಂಬತ್ತು ಹೋಗಿದೆ. ಅಲ್ವಾ?”

ಅವರ ಹಣೆಯ ಮೇಲೆ ಬೆವರಿನ ಹನಿಗಳು. ಮೂರು ವಾರದ ಹಿಂದೆ ಕಾಗದದ ಕಟ್ಟಿನ ಮೇಲೆ ಕುಸಿಯುವ ಮುಂಚೆಯೂ ಹೀಗೇ ಇತ್ತಂತೆ. ಧಡಧಡ ಇಳಿದು ಬಂದೆ.

“ರೀ, ಡಾಕ್ಟರನ್ನ ಕರ್ಕೊಂಡ್ಬನ್ನಿ! ಮಾವನವರಿಗೆ ಗೊತ್ತಾಗ್ಬಿಟ್ಟಿದೆ, ಎದೆ ಹಿಡ್ಕೊಂಡಿದಾರೆ!”

“ಡಾಕ್ಟರು ಇಲ್ಲೇ ಇದಾರೆ,” ಎಂದರು ಇವರು.

ಚೀಟಿಗಳ ಗುಡ್ಡದ ಹಿಂದಿನಿಂದ ಒಂದು ಬೋಳುತಲೆ ಮೆಲ್ಲಗೆ ಮೇಲೆದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮ್ಯಾಚಿನ ಶಬ್ದವೇ ಕೂಡದು ಎಂದ ಮಹಾನುಭಾವರು ಕಾಲ ಮೇಲೆ ಕಾಲು ಹಾಕಿ, ಸ್ಟೆತಾಸ್ಕೋಪನ್ನು ಹಲ್ಲಲ್ಲಿ ಕಚ್ಚಿ ಕೂತಿದ್ದಾರೆ!

“ಡಾಕ್ಟ್ರೇ, ಮೇಲೆ ಬನ್ನಿ!”

“ಬರ್ತೀನಮ್ಮ. ಮೂರೇ ಓವರ್. ನಾನು ಕಾಲು ಇಳಿಸಿದ್ರೆ ವಿಕೆಟ್ ಬೀಳುತ್ತೆ.”

“ಅಲ್ಲಿ ಮನುಷ್ಯ ಬೀಳ್ತಿದಾರೆ!”

ಅವರು ಪೆಚ್ಚಾದರು. ಎದ್ದರು. ಅಷ್ಟರಲ್ಲಿ ರೇಡಿಯೋದಲ್ಲಿ ಏನೋ ಕೂಗಾಯಿತು. ಸ್ಕೋರು ಕೇಳಲು ಬಂದಿದ್ದ ಬೀದಿಯವರು ನಾಲ್ಕು ಜನ ಸೇರಿ ಅವರನ್ನು ಹಿಡಿದು ಕೂರಿಸಿ ಕಾಲ ಮೇಲೆ ಕಾಲು ಹಾಕಿಸಿದರು. ಅಲ್ಲಿಂದಲೇ ಅವರು ವೈದ್ಯ ಮಾಡಿದರು: “ಹೇಳಿಬಿಡು ತಾಯಿ. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರೋದು ಎದೆಗೆ ಇನ್ನೂ ಕೆಟ್ಟದ್ದು. ಮೆಲ್ಲಗೆ ಹೇಳು. ಒಳ್ಳೇದು ಮಾತ್ರ ಹೇಳು.”

ರೇಡಿಯೋವನ್ನೇ ಮೇಲೆ ಒಯ್ಯೋಣವೆಂದರೆ ಅದಕ್ಕೂ ಒಂದು ವ್ರತ. ಯಾರೂ ಮುಟ್ಟದ ‘ಙ’ ಅಕ್ಷರದ ಖಾನೆಗೆ ಓರೆಯಾಗಿ ಒರಗಿಸಿದರೆ ಮಾತ್ರ ಅದು ಮಾತಾಡುತ್ತಿತ್ತು. ಕೆಳಗಿನಿಂದ ಕೂಗಿ ಹೇಳೋಣವೆಂದರೆ ಮೆಷಿನ್ನಿನ ಟಣ್ ಟಣ್. ಉಳಿದದ್ದು ನನ್ನ ಎರಡು ಕಾಲು, ಹದಿನಾಲ್ಕು ಮೆಟ್ಟಿಲು.

ಮೊದಲ ಓವರಿನ ವರದಿ ಒಯ್ದೆ. “ಮಾವ, ಏನೂ ಆಗ್ಲಿಲ್ಲ.”

ಅವರ ಮುಖ ಅರಳಿತು! “ಏನೂ ಆಗ್ಲಿಲ್ವಾ? ಭೇಷ್! ಮುಂದೆ ಬಂದು ತಡೆದನಾ, ಹಿಂದೆ ಸರಿದು ತಡೆದನಾ?”

ಇಳಿದೆ. ಕೇಳಿದೆ. ಹತ್ತಿದೆ. “ಹಿಂದೆ ಸರಿದು.”

“ಮೂರ್ಖ! ಮುಂದೆ ಬರಬೇಕು. ಹೋಗಿ ಹೇಳು.”

(ಯಾರಿಗೆ ಹೇಳಲಿ? ‘ಙ’ ಖಾನೆಗೆ?) ಆದರೆ ಒಂದು ಗಮನಿಸಿದೆ. ಎದೆಯ ಮೇಲಿದ್ದ ಕೈ ಇಳಿದಿತ್ತು. ಸುದ್ದಿ ಸಿಕ್ಕಂತೆಲ್ಲ ಅವರ ಉಸಿರು ಸಮವಾಗುತ್ತಿತ್ತು. ನನ್ನದು ತಪ್ಪುತ್ತಿತ್ತು.

ಕೊನೆಯ ಓವರಿಗೆ ಮಾವನವರು ಅಪ್ಪಣೆ ಕೊಟ್ಟರು: “ಈ ಸಲ ಒಂದೊಂದು ಬಾಲಿಗೂ ಬರ್ಬೇಕು.” ಬಾಲು ಹಾಕುವವನು ತುಂಬ ದೂರದಿಂದ ಓಡಿ ಬರುವವನಂತೆ. ಅವನು ಅಲ್ಲಿ ಓಡುವುದರೊಳಗೆ ನಾನು ಇಲ್ಲಿ ಹತ್ತಿ ಇಳಿಯಬೇಕು. ಮೊದಲನೆಯದು: “ತಡೆದ.” ಎರಡನೆಯದು: “ಬಿಟ್ಟ, ಹಿಂದೆ ಹೋಯ್ತು.” ಮೂರನೆಯದು: “ಹೊಟ್ಟೆಗೆ ಬಡೀತಂತೆ.” “ಹೊಟ್ಟೆಗಾದ್ರೆ ಚಿಂತೆಯಿಲ್ಲ,” ಎಂದರು ಮಾವ, ದೊಡ್ಡ ವೈದ್ಯರ ಹಾಗೆ.

ನಾಲ್ಕನೆಯದಕ್ಕೆ ನಾನು ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದೆ. ರೇಡಿಯೋದವನ ಧ್ವನಿ ಒಮ್ಮೆಲೇ ಏರಿತು, ಜನರ ಕೂಗಿನಲ್ಲಿ ಮುಳುಗಿತು. ಇವರು ಅಚ್ಚುಮೊಳೆ ಬಿಸಾಡಿ ಎರಡೂ ಕೈ ತಲೆಯ ಮೇಲಿಟ್ಟರು. ಬೈಂಡರು ಡಬ್ಬದ ಸಮೇತ ಮಗುಚಿಕೊಂಡ. ಮೆಷಿನ್ ಮಾಮ ಕಣ್ಣು ಮುಚ್ಚಿ ತುಳಿಯುತ್ತಿದ್ದ.

“ಏನಾಯ್ತು? ಏನಾಯ್ತು ಅಂತ ಹೇಳ್ರೀ!”

ಡಾಕ್ಟರು ಪಿಸುಗುಟ್ಟಿದರು: “ಕ್ಯಾಚು... ಸೀದಾ ಕೈಗೆ ಹೋಯ್ತು... ಬಿಟ್ಟುಬಿಟ್ಟ.”

ನಾನು ಹತ್ತಲು ಓಡಿದೆ. ಏಳನೆಯ ಮೆಟ್ಟಿಲಿನಲ್ಲಿ ಕಾಲು ನಿಂತಿತು. ಇದನ್ನು ಹೇಗೆ ಹೇಳಲಿ? “ಕ್ಯಾಚು” ಎಂದು ನಾನು ಬಾಯಿ ತೆರೆಯುವಷ್ಟರಲ್ಲೇ, “ಬಿಟ್ಟ” ಎನ್ನುವುದರೊಳಗೇ, ಅವರ ಎದೆ ನಿಂತುಬಿಟ್ಟರೆ? ಮೇಲೆ ಮಾವನವರ ಕೆಮ್ಮು. ಕೆಳಗೆ ಡಾಕ್ಟರ ಮಾತು, ಒಳ್ಳೇದು ಮಾತ್ರ ಹೇಳು. ನಾನು ಆ ಬಾಲನ್ನು ಹಾಗೇ ನುಂಗಿಕೊಂಡು ತಿರುಗಿ ಇಳಿದೆ. ಐದನೆಯದನ್ನು ಕೇಳಿಕೊಂಡು ಹೋಗಿ, “ತಡೆದ ಮಾವ,” ಎಂದೆ.

“ಯಾಕಿಷ್ಟು ಹೊತ್ತಾಯ್ತು?”

“ಅದು... ಅವನು ಬೂಟಿನ ದಾರ ಕಟ್ಕೊಳ್ತಿದ್ದ.”

“ಹೂಂ,” ಎಂದರು.

ಆರನೆಯದಕ್ಕೆ ಕೆಳಗೆ ಎಂಥ ಕೂಗು ಎದ್ದಿತೆಂದರೆ ಮೆಷಿನ್ನು ತಾನಾಗಿಯೇ ನಿಂತಿತು. ಇವರು ಬೈಂಡರನ್ನು ಅಪ್ಪಿಕೊಂಡು ಅಂಟಿಕೊಂಡರು. (ಅಂಟು ಬಿಡಿಸಲು ಬಿಸಿನೀರು ಬೇಕಾಯಿತು.) ನಾನು ಕುಣಿಯುವವರ ನಡುವೆ ನುಗ್ಗಿದೆ.

“ಗೆದ್ದ್ರಾ?”

“ಇಲ್ಲ!”

“ಸೋತ್ರಾ?”

“ಇಲ್ವೇ!”

“ಮತ್ತೆ ಏನಾಯ್ತು?”

“ಏನೂ ಆಗ್ಲಿಲ್ಲ ಕಣೇ! ಡ್ರಾ!”

ಐದು ದಿನ! ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ! ಇದಕ್ಕೇನಾ ನನ್ನ ಮಾವನವರ ಜೀವ ಪಣಕ್ಕೆ ಬಿದ್ದದ್ದು? ಸಿಟ್ಟಿನಲ್ಲೇ ಮೇಲೆ ಹತ್ತಿದೆ. “ಮಾವ, ಏನೂ...” ಎಂದದ್ದು ನೆನಪಿದೆ. ಆಮೇಲೆ ಕೋಣೆ ಒಂದು ಸುತ್ತು ತಿರುಗಿತು.

ಕಣ್ಣು ಬಿಟ್ಟಾಗ ಮಂಚದ ಮೇಲೆ ಮಲಗಿದ್ದವಳು ನಾನು. ಬದಿಯಲ್ಲಿ ಕುರ್ಚಿ ಹಾಕಿಕೊಂಡು ನನಗೆ ಬೀಸಣಿಗೆ ಬೀಸುತ್ತಿದ್ದವರು ಮಾವನವರು. ಡಾಕ್ಟರು ಇಬ್ಬರ ನಾಡಿಯನ್ನೂ ನೋಡಿದ್ದರು. ಮಾವನವರದು ಎಪ್ಪತ್ತೆರಡು, ಹಸುಗೂಸಿನ ನಿದ್ದೆಯಂತೆ ನೆಮ್ಮದಿ. ನನ್ನದು ನೂರ ಮೂವತ್ತಾರು.

“ಇನ್ಮೇಲೆ ಈಕೆಗೆ ಮ್ಯಾಚು ಕೂಡದು,” ಎಂದು ಕೆಳಗಿನ ಗುಡ್ಡದಿಂದ ತಂದಿದ್ದ ಒಂದು ಚೀಟಿಯಲ್ಲಿ ಬರೆದೇ ಬಿಟ್ಟರು. “ಆ ಶಬ್ದಾನೇ ಕಿವಿಗೆ ಬೀಳಕೂಡದು. ಜವಾಬ್ದಾರಿ ನಿಮ್ದು ಯಜಮಾನ್ರೇ.”

“ನೋಡ್ಕೋತೀನಿ,” ಎಂದರು ಮಾವನವರು, ಗಂಭೀರವಾಗಿ.

ಅದಾದ ಮೇಲೆ ಮಾವನವರು ಎಂಟು ವರ್ಷ ಬಾಳಿದರು. ಎಷ್ಟೋ ಟೆಸ್ಟುಗಳನ್ನು ಕೇಳಿದರು. ನಾನು ಕೋಣೆಗೆ ಕಾಲಿಟ್ಟರೆ ಸಾಕು, ರೇಡಿಯೋ ಬಂದ್ ಮಾಡಿ ಹವಾಮಾನದ ವಿಷಯ ತೆಗೆಯುತ್ತಿದ್ದರು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ನೀರಿನ ನಲ್ಲಿಯ ಬಳಿ ಸಿಕ್ಕ ಹೆಂಗಸರಿಗೆಲ್ಲ ಹೇಳಿದ್ದೇ ಹೇಳಿದ್ದು: “ಆವತ್ತು ನಾನು ಒಂದು ಬಾಲು ಬಚ್ಚಿಟ್ಟೆ ನೋಡಿ, ಅದಕ್ಕೇ ನಮ್ಮ ಮಾವನವರು ಇವತ್ತಿಗೂ ಇದಾರೆ.” ನನ್ನ ಗಂಡ ತೀರಿಕೊಳ್ಳುವವರೆಗೂ ಈ ಮಾತಿಗೆ ನಗುತ್ತಿದ್ದರು. ಯಾಕೆ ನಗುತ್ತಾರೆ ಎಂದು ನಾನು ಕೇಳಲಿಲ್ಲ.

ಮಾವನವರ ಕೊನೆಯ ದಿನ ಬೆಳಿಗ್ಗೆ ನಾನು ಚಮಚದಲ್ಲಿ ನೀರು ಬಿಡುತ್ತಿದ್ದೆ. ಅವರು ಕಣ್ಸನ್ನೆ ಮಾಡಿ ಹತ್ತಿರ ಕರೆದರು. ಮಕ್ಕಳ ವಿಷಯವೋ, ಪ್ರೆಸ್ಸಿನ ವಿಷಯವೋ ಏನೋ ಹೇಳುತ್ತಾರೆಂದು ಸೆರಗು ಬಾಯಿಗೆ ಒತ್ತಿಕೊಂಡು ಕಿವಿ ಕೊಟ್ಟೆ.

“ಆವತ್ತು ಕೊನೇ ಓವರಿನ ಆರು ಬಾಲಿಗೆ ನೀನು ಬಂದಿದ್ದು ಐದೇ ಸಲ,” ಎಂದರು. ಧ್ವನಿ ಕ್ಷೀಣವಾಗಿತ್ತು, ಲೆಕ್ಕ ಖಚಿತವಾಗಿತ್ತು. “ಮಾರನೇ ದಿನ ಪೇಪರಲ್ಲಿ ಎಲ್ಲಾ ಓದ್ದೆ. ನಿನ್ನ ಬಾಯಿಂದ ಕೇಳ್ಬೇಕು ಅಂತ ಎಂಟು ವರ್ಷದಿಂದ ಆಸೆ. ನಿನ್ನ ಎದೆ ತಡೆಯಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ, ಅದಕ್ಕೇ ಸುಮ್ನಿದ್ದೆ.” ಒಂದು ಗುಟುಕು ಉಸಿರು ಎಳೆದುಕೊಂಡರು. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಕೂತ್ಕೋ ಮಗಳೇ, ನಿಂತ್ಕೊಂಡು ಹೇಳ್ಬೇಡ. ಗಾಬರಿ ಮಾಡ್ಕೋಬೇಡ. ನಿಧಾನವಾಗಿ ಹೇಳು: ನಾಲ್ಕನೇ ಬಾಲು ಏನಾಯ್ತು?”