ಅಪ್‌ಡೇಟ್ ಮಾಡದ ಫೋನು

ವರ್ಷಕ್ಕೊಮ್ಮೆ ಫೋನುಗಳಿಗೆ ದೊಡ್ಡ ಅಪ್‌ಡೇಟ್ ಬರುತ್ತದೆ, ಬಂದ ಮಾರನೇ ದಿನವೇ ದಾವಣಗೆರೆಯ ನನ್ನ ರಿಪೇರಿ ಅಂಗಡಿಗೆ ಏನೂ ಕೆಡದ ಫೋನುಗಳು ಬರತೊಡಗುತ್ತವೆ. ಗ್ಲಾಸು ಒಡೆದಿರುವುದಿಲ್ಲ, ನೀರಿಗೆ ಬಿದ್ದಿರುವುದಿಲ್ಲ. ಏನೋ ಹೊಸದು ಕಲಿತು ಕೂತಿರುತ್ತವೆ, ಅಷ್ಟೇ. ಕಲಿತದ್ದನ್ನು ಮರೆಸಿಕೊಡಿ ಎಂದು ಜನ ಬರುತ್ತಾರೆ.

ಮೊದಲೆಲ್ಲ ಈ ದಿನಗಳು ನನಗೆ ಹಬ್ಬ. ಅಂಗಡಿಯಲ್ಲಿ ನಾವಿಬ್ಬರಿದ್ದೆವು, ನಾನು ಮತ್ತು ನನ್ನ ಪಾಲುದಾರ. ನಾನು ಅವನನ್ನು ಭಾಯ್ ಅನ್ನುತ್ತಿದ್ದೆ, ಅವನು ನನ್ನನ್ನು ಗುರು ಅನ್ನುತ್ತಿದ್ದ. ಅಪ್‌ಡೇಟ್ ಬಂದ ದಿನ ಶಟರ್ ಅರ್ಧ ಎಳೆದು, ತಂತಮ್ಮ ಫೋನು ಹಿಡಿದು, ಯಾರೂ ಹೇಳದ ಮೂಲೆಗಳನ್ನೆಲ್ಲ ಒತ್ತಿ ಒತ್ತಿ ನೋಡುತ್ತಿದ್ದೆವು. ಬಚ್ಚಿಟ್ಟಿರುವ ಆಪ್ಷನ್ನನ್ನು ಮೊದಲು ಯಾರು ಹುಡುಕುತ್ತಾರೋ ಅವರಿಗೆ ಇನ್ನೊಬ್ಬ ಬೆಣ್ಣೆ ದೋಸೆ ತಿನ್ನಿಸಬೇಕು. ಹನ್ನೊಂದು ವರ್ಷದಲ್ಲಿ ನಾನು ತಿನ್ನಿಸಿದ್ದೇ ಹೆಚ್ಚು.

ಈಗ ಎರಡು ವರ್ಷದಿಂದ ಅವನು ಹರಿಹರದಲ್ಲಿ ಬೇರೆ ಅಂಗಡಿ ಇಟ್ಟಿದ್ದಾನೆ. ನಮ್ಮ ನಡುವೆ ಮಾತಿಲ್ಲ. ಊರಿನವರ ಫೋನನ್ನೆಲ್ಲ ನಾನೇ ಅಪ್‌ಡೇಟ್ ಮಾಡಿಕೊಡುತ್ತೇನೆ, ನನ್ನದನ್ನು ಮಾತ್ರ ಮಾಡಿಕೊಂಡಿರಲಿಲ್ಲ. ಒಬ್ಬನೇ ಕೂತು ಮೂಲೆ ಒತ್ತುವುದಕ್ಕೆ ಮನಸ್ಸು ಬರುತ್ತಿರಲಿಲ್ಲ.

ಎಂಬತ್ತಕ್ಕೆ ಸಾಕು

ಆನಗೋಡಿನ ನಿವೃತ್ತ ಮೇಷ್ಟ್ರೊಬ್ಬರು ಪತ್ನಿಯ ಜೊತೆ ಬಂದು ಫೋನನ್ನು ಟೇಬಲ್ಲಿನ ಮೇಲಿಟ್ಟರು. "ಬೆಳಿಗ್ಗಿಂದ ಚಾರ್ಜಿಗೆ ಹಾಕೀನ್ರಿ, ಎಂಬತ್ತಕ್ಕೆ ನಿಂತು ಬಿಟ್ಟೈತೆ. ಎಂಬತ್ತೊಂದು ಆಗಲ್ಲ ಅಂತೈತೆ. ನಮ್ಮೂರ ಕರೆಂಟ್ ಸಾಲ್ತಿಲ್ಲೇನು?"

ಕರೆಂಟಿನದೇನೂ ತಪ್ಪಿಲ್ಲ ಎಂದೆ. ಹೊಸ ಅಪ್‌ಡೇಟಿನಲ್ಲಿ ಹಾಗೊಂದು ಏರ್ಪಾಡಿದೆ. ದಿನಾ ಗಂಟಲಮಟ ತುಂಬಿಸಿದರೆ ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ, ಅದಕ್ಕೆ ಫೋನು ತಾನಾಗಿಯೇ ಎಂಬತ್ತಕ್ಕೆ ಸಾಕು ಅನ್ನುತ್ತದೆ ಎಂದು ಬಿಡಿಸಿ ಹೇಳಿದೆ. ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಪಕ್ಕದಲ್ಲಿದ್ದ ಪತ್ನಿ ಅವರತ್ತ ತಿರುಗಿದರು.

"ಕೇಳಿದ್ರಾ? ಫೋನಿಗೆ ಒಂದೇ ಅಪ್‌ಡೇಟಿಗೆ ಬುದ್ಧಿ ಬಂತು. ನಿಮಗೆ ಮೂರನೇ ಸಲ ಅನ್ನ ಬಡಿಸೋ ಮುಂಚೆ ನಾನು ನಲವತ್ತು ವರ್ಷದಿಂದ ಇದನ್ನೇ ಹೇಳ್ತಿದೀನಿ."

ಅವರು ಹೋದ ಮೇಲೆ ನಗುತ್ತಾ ತಲೆ ಎತ್ತಿದೆ, ಭಾಯ್‌ಗೆ ಹೇಳೋಣ ಎಂದು. ಎದುರಿನ ಕುರ್ಚಿಯ ಮೇಲೆ ಹಳೇ ಬ್ಯಾಟರಿಗಳ ಡಬ್ಬ ಇತ್ತು. ಅದನ್ನು ಅಲ್ಲಿ ಇಟ್ಟವನು ನಾನೇ, ಕುರ್ಚಿ ಖಾಲಿ ಕಾಣಬಾರದು ಎಂದು.

ಸಾಸಿವೆಯಷ್ಟು ಸ್ಕ್ರೂ

ನಮ್ಮ ಜಗಳ ಎಂಥದ್ದು ಎಂದು ಕೇಳಿದವರಿಗೆ ನಾನು ಇವತ್ತಿಗೂ ಪೂರ್ತಿ ಹೇಳುವುದಿಲ್ಲ, ನಾಚಿಕೆ. ಫ್ಯಾನಿನ ಜಗಳ ಅದು.

ಫೋನು ಬಿಚ್ಚಿದಾಗ ನಾನು ಫ್ಯಾನ್ ಹಾಕಗೊಡುವುದಿಲ್ಲ. ಒಳಗಿನ ಸ್ಕ್ರೂಗಳು ಸಾಸಿವೆ ಕಾಳಿಗಿಂತ ಸಣ್ಣವು, ಗಾಳಿಗೆ ಹಾರಿದರೆ ಹುಡುಕುವವರು ಯಾರು? "ಕಬ್ಬಿಣ ಹಾರಲ್ಲ ಗುರು" ಎಂದು ಅವನ ವಾದ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದಾವಣಗೆರೆಯ ಬಿಸಿಲಿಗೆ ತಡೆಯದೆ ಅವನು ಎದ್ದು ಫ್ಯಾನ್ ಹಾಕಿಯೇ ಬಿಟ್ಟ. ನನ್ನ ಟ್ರೇಯಲ್ಲಿದ್ದ ನಾಲ್ಕು ಸ್ಕ್ರೂಗಳಲ್ಲಿ ಒಂದು ಕಾಣಲಿಲ್ಲ.

ಇಬ್ಬರೂ ಎರಡು ಗಂಟೆ ನೆಲದ ಮೇಲೆ ತೆವಳಿದೆವು. ಸಿಗಲಿಲ್ಲ. ಎದ್ದು ನಿಂತು ನಾನು ಒಂದು ಮಾತು ಅಂದೆ. "ನೀನಿರೋ ತನಕ ಈ ಅಂಗಡೀಲಿ ಕೆಲಸ ನೆಟ್ಟಗೆ ಆಗಲ್ಲ." ಅವನು ಪ್ಯಾಂಟಿನ ಮಂಡಿಯ ಧೂಳು ಕೊಡವಿಕೊಂಡು ಹೋದ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ನನ್ನ ಟೇಬಲ್ಲಿನ ಡ್ರಾದಿಂದ ಹಳೆಯ ಫೋನಿನ ಸ್ಪೀಕರೊಂದನ್ನು ತೆಗೆದೆ. ಸ್ಪೀಕರಿನಲ್ಲಿ ಆಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿಕೊಂಡು ಆ ಸ್ಕ್ರೂ ಕೂತಿತ್ತು. ಆವತ್ತು ಸ್ಪೀಕರನ್ನು ಟ್ರೇಯಿಂದ ಎತ್ತಿ ಡ್ರಾಕ್ಕೆ ಹಾಕಿದವನು ನಾನೇ, ಅದೂ ಅವನು ಫ್ಯಾನ್ ಹಾಕುವುದಕ್ಕೆ ಮುಂಚೆ. ಕಬ್ಬಿಣ ಹಾರಿರಲಿಲ್ಲ.

ಭಾನುವಾರದ ಭಕ್ತಿ

ಸ್ಕ್ರೂವನ್ನು ಕುಂಕುಮದ ಪುಟ್ಟ ಡಬ್ಬಿಯೊಂದರಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಹರಿಹರಕ್ಕೆ ಹೋಗಿ ಅವನ ಕೈಗೆ ಕೊಟ್ಟು, ತಪ್ಪು ನಂದೇ ಎಂದು ಹೇಳಿಬಿಡಬೇಕು. ಭಾನುವಾರ ಬೈಕು ಹತ್ತಿದರೆ ಅರ್ಧ ಗಂಟೆಯ ದಾರಿ. ಹೆಂಡತಿಗೆ ಹರಿಹರೇಶ್ವರನ ದರ್ಶನಕ್ಕೆ ಅಂದೆ.

ಅವನ ಅಂಗಡಿಯ ಎದುರಿಗೆ, ರಸ್ತೆಯ ಈಚೆ ಒಂದು ಚಹಾದಂಗಡಿ ಇದೆ. ಧೈರ್ಯಕ್ಕೆ ಒಂದು ಚಹಾ ಹೇಳಿ ನಿಂತೆ. ಅವನ ಗಾಜಿನ ಬಾಗಿಲ ತುಂಬ ಪೋಸ್ಟರುಗಳು, ಒಳಗೆ ಯಾರಿದ್ದಾರೆ ಕಾಣುವುದಿಲ್ಲ. ಅಷ್ಟರಲ್ಲಿ ಚಹಾದವನು ಎರಡು ಗ್ಲಾಸು ಹಿಡಿದು ರಸ್ತೆ ದಾಟಿ ಆ ಬಾಗಿಲೊಳಗೆ ಹೋದ. ಎರಡು. ಅಂದರೆ ಹೊಸ ಪಾಲುದಾರ ಸಿಕ್ಕಿದ್ದಾನೆ. ನನ್ನ ಚಹಾ ಮುಗಿಸಿ ಗ್ಲಾಸು ಇಟ್ಟೆ. ಗಾಡಿ ತಿರುಗಿಸಿದೆ.

ಮುಂದಿನ ಭಾನುವಾರ ಮತ್ತೆ ಹೋದೆ. ಮತ್ತೆ ಎರಡು ಗ್ಲಾಸು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಹೊಟ್ಟೆಕಿಚ್ಚು ಪಡುವ ವಯಸ್ಸಲ್ಲ, ಆದರೂ ಪಟ್ಟೆ. ಆ ಹೊಸಬನಿಗೆ ಫ್ಯಾನ್ ಹಾಕಿಕೊಂಡು ಕೂರಲು ಅಭ್ಯಂತರವಿರಲಿಕ್ಕಿಲ್ಲ ಎಂದುಕೊಂಡೆ.

ಮನೆಯಲ್ಲಿ ಹೆಂಡತಿ ಒಂದು ದಿನ ಕೇಳಿದಳು. "ವಾರಾವಾರ ದೇವಸ್ಥಾನಕ್ಕೆ ಹೋಗ್ತೀರಿ, ಪ್ರಸಾದ ತರೋದು ಬಿಟ್ಟು ಬರೇ ಚಹಾದ ವಾಸ್ನಿ ತರ್ತೀರಲ್ಲ, ಯಾವ ದೇವ್ರು ಅದು?"

ಹೆಗಲ ಮೇಲಿನ ಕೈ

ಬಾತಿಯ ಹೆಂಗಸೊಬ್ಬರು ನಿಶ್ಚಿತಾರ್ಥದ ಫೋಟೋ ತೋರಿಸಿ, "ಇದ್ರಾಗಿಂದ ನನ್ನ ಮೈದುನನ್ನ ತೆಗೀರಿ" ಅಂದರು. ಹೊಸ ಅಪ್‌ಡೇಟಿನಲ್ಲಿ ಫೋಟೋದೊಳಗಿನ ಮನುಷ್ಯನ ಸುತ್ತ ಬೆರಳಾಡಿಸಿದರೆ ಅವನು ಮಾಯ, ಹಿಂದಿನ ಗೋಡೆ ತೋರಣ ತಾವೇ ಕೂಡಿಕೊಳ್ಳುತ್ತವೆ. ಮೈದುನ ಹೋದ. ಆದರೆ ಅವನ ಒಂದು ಕೈ ಅಣ್ಣನ ಹೆಗಲ ಮೇಲೆ ಹಾಗೇ ಉಳಿಯಿತು. ಅದನ್ನೂ ಒರೆಸಿದರೆ ಆ ಅಣ್ಣನ, ಅಂದರೆ ಆಕೆಯ ಗಂಡನ, ಹೆಗಲೂ ಹೋಗುತ್ತಿತ್ತು. "ಇರ್ಲಿ ಬಿಡ್ರಿ, ಕೈ ನೋಡಿ ಯಾರ್ದು ಅಂತ ಯಾರಿಗೆ ಗೊತ್ತಾಗ್ತೈತೆ" ಎಂದು ಒಯ್ದರು.

ವಾರ ಕಳೆಯುವುದರಲ್ಲಿ ಮತ್ತೆ ಬಂದರು. "ರಾಜಿ ಆತ್ರಿ. ನಾಳೆ ಊಟಕ್ಕೆ ಬರ್ತಾನೆ. ವಾಪಸ್ ನಿಲ್ಲಿಸಿ ಕೊಡ್ರಿ."

ಬಹಳ ಜನಕ್ಕೆ ಗೊತ್ತಿಲ್ಲ, ಎಷ್ಟು ಒರೆಸಿದರೂ ಮೂಲ ಫೋಟೋ ಅಡಿಯಲ್ಲಿ ಹಾಗೇ ಇರುತ್ತದೆ. ಒಂದು ಬಟನ್ ಒತ್ತಿದೆ, ಮೈದುನ ತನ್ನ ಕೈ ಹಿಂದೆಯೇ ಬಂದು ನಿಂತ. ನಿಜ ಹೇಳುತ್ತೇನೆ, ನನ್ನ ಕಣ್ಣು ತೇವವಾಯಿತು. ಎರಡು ವರ್ಷದ ಸಿಟ್ಟು ಹೀಗೆ ಒಂದು ಬಟನ್ನಿಗೆ ಸರಿಹೋಗುವುದಾದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದೆ. ಆಕೆ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಒಂಚೂರು ಹಿಂದಕ್ಕೆ ನಿಲ್ಲಿಸಾಕೆ ಆಗ್ತೈತೇನ್ರಿ?"

ಖಡಕ್ ಹುಡುಗಿ

ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬರು ಗಾಬರಿಯಿಂದ ಬಂದರು. ಅವರ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಅದೇ ಎತ್ತಿ, ಹೆಣ್ಣು ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ, ನೀವು ಯಾರು, ಯಾಕೆ ಕರೆ ಮಾಡಿದ್ದೀರಿ ಎಂದು ವಿಚಾರಿಸುತ್ತದೆ. ಅದೂ ಅಪ್‌ಡೇಟಿನ ಕೊಡುಗೆ. ಹಾಗೆ ವಿಚಾರಿಸಿಕೊಂಡವರು ಅವರ ಮಗಳನ್ನು ನೋಡಲು ಬರಬೇಕಿದ್ದ ಗಂಡಿನ ತಂದೆ.

"ಬೇಜಾರು ಮಾಡಿಕೊಂಡರೇ?" ಎಂದು ಕೇಳಿದೆ.

"ಇಲ್ರಿ, ಅದೇ ಫಜೀತಿ. ಆಮೇಲೆ ನಾನೇ ಫೋನ್ ಮಾಡಿದ್ರೆ ಅವರು, 'ನಿಮ್ಮ ಹುಡುಗಿ ಜೊತೆ ಮಾತಾಡಿದ್ವಿ. ಇಂಗ್ಲಿಷ್ ಚೊಲೋ ಐತೆ, ಸ್ವಲ್ಪ ಖಡಕ್ ಅದಾಳೆ. ನಮ್ಮ ಹುಡುಗನ್ನ ದಾರಿಗೆ ತರಾಕೆ ಇಂಥಾಕೀನೇ ಬೇಕು. ಮಾತುಕತೆಗೆ ಬರ್ತೀವಿ' ಅಂದ್ರು. ನನ್ನ ಮಗಳು ಮನೇಲಿ ಬಾಯೇ ಬಿಡಲ್ಲ. ಈಗ ನೀವೇ ಹೇಳ್ರಿ, ಈ ಆಪ್ಷನ್ ಆಫ್ ಮಾಡ್ಲೋ, ಮದುವಿ ಆಗೋ ತನಕ ಇರ್ಲೋ?"

ನೀಲಿ ಚುಕ್ಕಿ

ಕೊನೆಗೆ ನನ್ನ ಫೋನಿಗೇ ಕಾಲ ಬಂತು. ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ಆಪು, ಇಷ್ಟು ದಿನ ಅಪ್‌ಡೇಟ್ ಆಗದ ಫೋನಿನಲ್ಲಿ ನಾನು ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿಯಿತು. ಹೆಂಡತಿ, "ಊರಿಗೆಲ್ಲ ಮಾಡಿಕೊಡ್ತೀರಿ, ನಿಮ್ಮದಕ್ಕೇನು ಧಾಡಿ?" ಅಂದಳು. ಭಾನುವಾರ ಬೆಳಿಗ್ಗೆ ಮಾಡಿಕೊಂಡೆ.

ಹೊಸ ಅಪ್‌ಡೇಟು ಮೊದಲು ಮಾಡುವ ಕೆಲಸ ಚಾಡಿ ಹೇಳುವುದು. ಯಾವ ಆಪು ನಿಮ್ಮ ಮಾತು ಕೇಳುತ್ತಿದೆ, ಯಾವುದು ನಿಮ್ಮ ಫೋಟೋ ನೋಡುತ್ತಿದೆ ಎಂದು ಒಂದು ಪಟ್ಟಿ ಕೊಡುತ್ತದೆ. ನನ್ನ ಪಟ್ಟಿಯ ಕೊನೆಯಲ್ಲಿ ಹೀಗಿತ್ತು: ನೀವು ಎಲ್ಲಿದ್ದೀರಿ ಎಂಬುದನ್ನು ಒಬ್ಬರು ಸದಾ ನೋಡಬಹುದು. ಕೆಳಗೆ ಭಾಯ್ ಹೆಸರು.

ಆಗ ನೆನಪಾಯಿತು. ಒಮ್ಮೆ ಬಿಡಿಭಾಗ ತರಲು ಇಬ್ಬರೂ ಬೆಂಗಳೂರಿಗೆ ಹೋಗಿದ್ದೆವು. ಜನಜಂಗುಳಿಯಲ್ಲಿ ನಾನು ತಪ್ಪಿಸಿಕೊಂಡೆ. ಸಿಕ್ಕ ಮೇಲೆ ಅವನು ನನ್ನ ಫೋನು ಕಿತ್ತುಕೊಂಡು ಏನೋ ಒತ್ತಿ, "ಇನ್ನು ಮ್ಯಾಪಿನಾಗ ನೀನು ನಂಗೆ ನೀಲಿ ಚುಕ್ಕಿಯಾಗಿ ಕಾಣ್ತೀಯ, ಎಲ್ಲಿ ಬೇಕಾದ್ರೂ ಹೋಗು" ಅಂದಿದ್ದ. ಆಮೇಲೆ ಅದನ್ನು ನಿಲ್ಲಿಸುವುದನ್ನು ಇಬ್ಬರೂ ಮರೆತಿದ್ದೆವು. ಅಥವಾ ನಾನೊಬ್ಬನೇ ಮರೆತಿದ್ದೆ. ಊರಿನವರ ಫೋನಿನ ಗುಟ್ಟನ್ನೆಲ್ಲ ಬಲ್ಲ ನನಗೆ ನನ್ನ ಜೇಬಿನದ್ದು ಗೊತ್ತಿರಲಿಲ್ಲ.

ಅಂದರೆ ನನ್ನ ಭಾನುವಾರಗಳನ್ನೆಲ್ಲ ಅವನು ನೋಡಿದ್ದಾನೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. 'ನಿಲ್ಲಿಸಿ' ಎಂಬಲ್ಲಿಗೆ ಬೆರಳು ಹೋಯಿತು, ಒತ್ತಲಾಗಲಿಲ್ಲ. ಡಬ್ಬಿ ಜೇಬಿಗೆ ಹಾಕಿಕೊಂಡು ಬೈಕು ಹತ್ತಿದೆ. ಈ ಸಲ ಚಹಾ ಹೇಳಲಿಲ್ಲ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಐದು ನಿಮಿಷ ಸುಮ್ಮನೆ ನಿಂತು, ರಸ್ತೆ ದಾಟಿ ಬಾಗಿಲು ತಳ್ಳಿದೆ.

ಅವನು ಒಬ್ಬನೇ ಇದ್ದ. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಟೇಬಲ್ಲಿನ ಮೇಲೆ ಎರಡು ಗ್ಲಾಸು ಚಹಾ ಹೊಗೆಯಾಡುತ್ತಿತ್ತು.

"ಹೊಸ ಪಾಲುದಾರ ಎಲ್ಲಿ?" ಎಂದೆ. ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

"ಯಾವ ಪಾಲುದಾರ?"

"ವಾರಾವಾರ ಎರಡು ಚಹಾ ಬರ್ತಾವಲ್ಲ."

"ಅದು ನಿಂದು" ಅಂದ. "ಚುಕ್ಕಿ ಎದುರಿಗೆ ಬಂದು ನಿಂತ ಕೂಡ್ಲೇ ಚಹಾದವನಿಗೆ ಫೋನ್ ಮಾಡಿ ಎರಡು ಹೇಳ್ತಿದ್ದೆ. ನೀನು ಅಲ್ಲೇ ಒಂದು ಕುಡಿದು ಹೋಗ್ತಿದ್ದಿ. ಇಲ್ಲಿ ಎರಡೂ ನಾನೇ ಕುಡೀತಿದ್ದೆ. ಆ್ಯಸಿಡಿಟಿ ಆಗೈತೆ ನಂಗೆ."

"ಬಾಗಿಲು ತೆಗೆದು ಒಂದು ಕೂಗು ಹಾಕಬಹುದಿತ್ತಲ್ಲೋ?"

"ಬೈದೋರು ಯಾರು ಗುರು, ನಾನಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. ಜೇಬಿನಿಂದ ಡಬ್ಬಿ ತೆಗೆದು ಅವನ ಮುಂದಿಟ್ಟೆ. "ಸ್ಕ್ರೂ ಸಿಕ್ತು ಭಾಯ್. ಹಾರಿರಲಿಲ್ಲ. ನನ್ನ ಡ್ರಾದಾಗ ಸ್ಪೀಕರಿಗೆ ಅಂಟ್ಕೊಂಡಿತ್ತು. ತಪ್ಪು ನಂದು."

ಮುಚ್ಚಳಕ್ಕೆ ಕೈ ಹಾಕಿದೆ.

"ತಡಿ" ಎಂದು ಅವನು ಎದ್ದು ಹೋಗಿ ಫ್ಯಾನ್ ಆರಿಸಿ ಬಂದ.

"ಕಬ್ಬಿಣ ಹಾರಲ್ಲ ಅಂತಿದ್ದೆಯಲ್ಲೋ" ಎಂದೆ.

"ಹಾರಲ್ಲ" ಅಂದ. "ಆದ್ರೆ ಇನ್ನೆರಡು ವರ್ಷ ಎರಡೆರಡು ಚಾ ಕುಡಿಯೋಕೆ ನನ್ನಿಂದ ಆಗಲ್ಲ."