ಭಾವನ ನಾಲ್ಕು ಹಾರ್ಡ್ ಡಿಸ್ಕುಗಳು

ನನ್ನ ಅಕ್ಕನನ್ನು ಒಪ್ಪಿಕೊಳ್ಳಲು ಭಾವನಿಗೆ ಬೇಕಾದದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ನಾಲ್ಕು ಹಾರ್ಡ್ ಡಿಸ್ಕುಗಳನ್ನು ಹೇಗೆ ಜೋಡಿಸುವುದೆಂದು ನಿರ್ಧರಿಸಲು ಬೇಕಾದದ್ದು ಏಳು ತಿಂಗಳು! ಇದನ್ನು ಅಕ್ಕನೇ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. "ನನ್ನನ್ನೂ ಇಷ್ಟು ಯೋಚಿಸಿ ಕಟ್ಟಿಕೊಳ್ಬಹುದಿತ್ತಲ್ಲ?"

"ಅಷ್ಟು ಯೋಚಿಸಿದ್ರೆ ಕಟ್ಟಿಕೊಳ್ಳುವುದುಂಟಾ ಮಾರಾಯ್ತಿ!" ಎನ್ನುತ್ತಾರೆ ಭಾವ, ತಲೆಯೆತ್ತದೆ.

ಕೊಲ್ಲಿ ದೇಶದ ಒಂದು ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದು, ಮೂಡುಬಿದಿರೆ ಹತ್ತಿರದ ಪುತ್ತಿಗೆಗೆ ಬಂದು ನೆಲೆಸಿದವರು ಅವರು. ಬಂದವರು ಸುಮ್ಮನಿರಬೇಕಲ್ಲ? ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಸರ್ವರ್ ಎಂದು ನಾಮಕರಣ ಮಾಡಿ, ಊಟದ ಕೋಣೆಯಲ್ಲಿ ಪ್ರತಿಷ್ಠಾಪಿಸಿಯೇ ಬಿಟ್ಟರು. ಅಂಗಡಿಯವನು "ವಿಂಡೋಸ್ ಹಾಕಿ ಕೊಡ್ಲಾ ಸರ್?" ಎಂದು ಕೇಳಿದ್ದಕ್ಕೆ, "ಬೇಡ, ನಮ್ಮ ಮನೆಗೆ ಹನ್ನೊಂದು ಕಿಟಕಿ ಉಂಟು" ಎಂದು ಬಂದಿದ್ದರಂತೆ!

ಈ ಹುಚ್ಚಿಗೆ ಕೆಲಸ ಕೊಟ್ಟವಳು ನಾನೇ. ನಾನು ಬಂಟ್ವಾಳದಲ್ಲಿ ಟೀಚರು. ವಾಮದಪದವಿನ ಸುತ್ತ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹೆಂಗಸರು ಹಾಡುವ ತುಳು ಹಾಡುಗಳನ್ನು ಹತ್ತು ವರ್ಷ, ರಜೆ ಸಿಕ್ಕಾಗಲೆಲ್ಲ ತಿರುಗಾಡಿ ರೆಕಾರ್ಡ್ ಮಾಡಿದ್ದೆ. ಒಟ್ಟು ಹನ್ನೆರಡು ಹೆಂಗಸರು. ಅವರಲ್ಲಿ ಒಂಬತ್ತು ಮಂದಿ ಈಗ ಇಲ್ಲ. ಆ ಹಾಡುಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇವೆ ಎಂದು ಒಂದು ದಿನ ಬಾಯಿಬಿಟ್ಟೆ. ಗ್ಯಾಸ್ ಸೋರುವ ವಾಸನೆ ಬಂದವರಂತೆ ಭಾವ ಎದ್ದು ನಿಂತರು. "ಒಂದೇ ಕಡೆಯಾ? ನಾಳೆಯೇ ತಾ!"

ಅಲ್ಲಿಂದ ಶುರುವಾಯಿತು ಆ ಏಳು ತಿಂಗಳು. ನಾಲ್ಕು ಡಿಸ್ಕುಗಳನ್ನೂ ಸೇರಿಸಿ ಒಂದೇ ಉಗ್ರಾಣ ಮಾಡಿದರೆ ಜಾಗ ಧಾರಾಳ. ಆದರೆ ಒಂದು ಕೆಟ್ಟರೆ ಎಲ್ಲವೂ ಢಮಾರ್! ಒಂದರ ಪ್ರತಿಯನ್ನು ಇನ್ನೊಂದರಲ್ಲಿಟ್ಟರೆ ಭದ್ರ. ಆದರೆ ಜಾಗ ಅರ್ಧಕ್ಕರ್ಧ. ಕ್ಯಾಲೆಂಡರಿನ ಹಿಂಬದಿಯೆಲ್ಲ ಚೌಕ, ಬಾಣ, ಮತ್ತೆ ಚೌಕ. ಕೊನೆಗೆ ಅಕ್ಕನಿಗೆ ವಿವರಿಸಲು ಅಡುಗೆಮನೆಯ ನಾಲ್ಕು ಡಬ್ಬಿಗಳನ್ನು ಸಾಲಾಗಿ ಇಟ್ಟರು.

"ಈಗ ಈ ನಾಲ್ಕನ್ನೂ ಒಂದು ಮಾಡುವ ಅಂತ ಇಟ್ಟುಕೋ..."

"ಮೆಣಸಿನ ಹುಡಿ, ಸಕ್ಕರೆ ಒಂದು ಮಾಡಿದ್ರೆ ನಿಮಗೆ ಇವತ್ತು ಹೋಟೆಲಿನಲ್ಲೇ ಊಟ!"

ಏಳು ತಿಂಗಳ ಸಂಶೋಧನೆ ಅಲ್ಲಿಗೆ ಮುಗಿಯಿತು. ಎರಡು ಡಿಸ್ಕುಗಳಲ್ಲಿ ನನ್ನ ಹಾಡುಗಳು, ಒಂದರ ಪ್ರತಿ ಇನ್ನೊಂದು. ಮೂರನೆಯದು ಮನೆಯವರ ಉಪಯೋಗಕ್ಕೆ. ನಾಲ್ಕನೆಯದರಲ್ಲಿ ಹಾಡುಗಳ ಮತ್ತೊಂದು ಪ್ರತಿ. ಆದರೆ ಅದು ಈ ಮನೆಯಲ್ಲೇ ಇರಬಾರದಂತೆ. ಮನೆಗೇ ಏನಾದರೂ ಆದರೆ? ಹಾಗಾಗಿ ಬೆಳ್ತಂಗಡಿಯಾಚೆ ಕೊಕ್ಕಡದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಗೆ!

ಹೊಸ ಹಾಡು ಸೇರಿದಾಗಲೆಲ್ಲ ಭಾವ ಬಸ್ಸು ಹತ್ತಿ ಕೊಕ್ಕಡಕ್ಕೆ ಹೋಗಿ, ಡಿಸ್ಕು ತಂದು, ತುಂಬಿಸಿ, ಮತ್ತೆ ಒಯ್ದಿಡುತ್ತಿದ್ದರು. ಮಡಿಲಲ್ಲಿ ಮಗುವಿನಂತೆ ಹಿಡಿದಿದ್ದ ಪೊಟ್ಟಣ ನೋಡಿ ಕಂಡಕ್ಟರ್ ಒಮ್ಮೆ ಕೇಳಿದನಂತೆ, "ಎಂತ ಉಂಟು ಅದರಲ್ಲಿ?"

"ಹನ್ನೆರಡು ಹೆಂಗಸರು."

"ಹಾಗಾದ್ರೆ ಹನ್ನೆರಡು ಟಿಕೆಟ್ ತಗೊಳ್ಳಿ!"

ಚಿಕ್ಕಮ್ಮನಾದರೂ ಕಡಿಮೆಯೇ? ತೇವ ತಾಗಬಾರದು ಎಂದದ್ದೇ ತಡ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಿದ್ದರು. "ಹೆದರಬೇಡ, ಅಳೆಯುವಾಗ ನೋಡಿಯೇ ಅಳೀತೇನೆ. ಅದು ಬೇಯುವ ಜಾತಿ ಅಲ್ಲ ಅಂತ ನಂಗೆ ಗೊತ್ತುಂಟು!"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕವರೇ. ಮೊನ್ನೆ ಮೇ ತಿಂಗಳವರೆಗೆ.

ಆ ಸಂಜೆ ಪುತ್ತಿಗೆಯ ಮನೆಯ ಪಕ್ಕದ ಕಂಬಕ್ಕೆ ಸಿಡಿಲು ಬಡಿಯಿತು. ಫ್ಯಾನು, ಟಿ.ವಿ., ಸರ್ವರ್, ಅದರೊಳಗಿನ ಮೂರು ಡಿಸ್ಕುಗಳು, ಎಲ್ಲ ಸುಟ್ಟುಹೋದವು. ನನ್ನ ಹಳೆಯ ಲ್ಯಾಪ್‌ಟಾಪ್ ಅದಕ್ಕೂ ಮೊದಲೇ ಗುಜರಿ ಸೇರಿತ್ತು. ರಾತ್ರಿಯೇ ಅಕ್ಕ ಫೋನು ಮಾಡಿ ಹೇಳಿದಳು.

ಮರುದಿನ ಬೆಳಿಗ್ಗೆ ಭಾವನೂ ನಾನೂ ಕೊಕ್ಕಡಕ್ಕೆ ಹೋದೆವು. ಚಿಕ್ಕಮ್ಮ ಮೊಣಕೈವರೆಗೆ ಅಕ್ಕಿಯೊಳಗೆ ಕೈಹಾಕಿ ಪೊಟ್ಟಣ ಎತ್ತಿದರು. ಭಾವ ಅದನ್ನು ನನ್ನ ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಸರಿನ ಚಪ್‌ಚಪ್ ಸದ್ದು, ಅದರ ಮೇಲೆ ತೀರಿಹೋದ ಮುದುಕಿಯೊಬ್ಬರ ದನಿ. ಹಾಡಿನ ನಡುವೆ ಅವರು ನಕ್ಕದ್ದೂ ಹಾಗೆಯೇ ಇತ್ತು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ನೆನಪಾಗಿ ಕೇಳಿದೆ. "ಭಾವ, ಕೊಲ್ಲಿಯಲ್ಲಿ ತೆಗೆದ ನಿಮ್ಮ ಆ ಇಪ್ಪತ್ತು ವರ್ಷದ ಫೋಟೋಗಳು?"

"ಅದು ಮೂರನೆಯದರಲ್ಲಿತ್ತು."

"ಇದರಲ್ಲಿ ಪ್ರತಿ ಇಲ್ವಾ?"

"ಎರಡೂ ಹಿಡಿಯುವಷ್ಟು ಜಾಗ ಇರ್ಲಿಲ್ಲ." ಅವರು ಡಿಸ್ಕಿಗೆ ಅಂಟಿದ್ದ ಒಂದು ಅಕ್ಕಿಕಾಳನ್ನು ಉಗುರಿನಿಂದ ತೆಗೆದರು. "ನಾನು ಇದ್ದೇನಲ್ಲ, ನನ್ನದು ನನಗೆ ನೆನಪುಂಟು. ಆ ಹೆಂಗಸರಿಗೆ ಬೇರೆಲ್ಲಿ ಜಾಗ ಉಂಟು, ಹೇಳು?"

ನಾನು ಫೋನಿನಲ್ಲಿ ರೆಕಾರ್ಡರ್ ಒತ್ತಿ ಅವರ ಮುಂದಿಟ್ಟೆ.

"ಹೇಳಿ ಭಾವ," ಎಂದೆ, "ಕೊಲ್ಲಿಯ ನಿಮ್ಮ ರೂಮಿನಲ್ಲಿ ಯಾರೆಲ್ಲ ಇದ್ರು?"