ಸಸ್ಯಾಹಾರಿ ಹಕ್ಕಿಯ ಮೂರು ಪ್ರದಕ್ಷಿಣೆ

2004ನೇ ಇಸವಿ ಜುಲೈ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ಆಸ್ಟ್ರೇಲಿಯಾದ ಉತ್ತರ ಭಾಗದ ಒಂದು ಮಳೆಕಾಡಿನ ಅಂಚಿನಲ್ಲಿ, ಭಾವಮೈದುನನ ಬಿಳಿ ಕಾರಿನ ಎಡ ಮುಂಚಕ್ರದ ಪಕ್ಕ ಮಂಡಿಯೂರಿ ಕೂತಿದ್ದೆ. ಕೈಯಲ್ಲಿ ಒಂದು ನಿಂಬೆಹಣ್ಣು ಇತ್ತು.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಮುಂದಿನ ನಾಲ್ಕು ನಿಮಿಷಗಳ ಬಗ್ಗೆ ನಮ್ಮ ನೆಂಟರಲ್ಲಿ ಹಲವು ಕಥೆಗಳು ಓಡಾಡುತ್ತಿವೆ. ಗುಬ್ಬಿಯಲ್ಲಿ ಒಂದು ಥರ, ಕುಣಿಗಲ್ಲಿನಲ್ಲಿ ಇನ್ನೊಂದು ಥರ. ತುಮಕೂರಿನ ಸರ್ವೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಜಮೀನು ಅಳೆದವನು ನಾನು. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ನನ್ನ ಹೆಂಡತಿ ಸರೋಜಳ ತಮ್ಮ ಶಿವು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಗುಬ್ಬಿಯಿಂದ ನಮ್ಮತ್ತೆಯನ್ನೂ ಕರೆದುಕೊಂಡು ನಾವಿಬ್ಬರೂ ಅವನ ಮನೆಗೆ ಹೋಗಿದ್ದೆವು. ಅವನ ಹೊಸ ಕಾರಿನಲ್ಲಿ ಮೂರು ದಿನದ ಪ್ರವಾಸ. ಮೊದಲ ದಿನ ಕಾಂಗರೂ ಕಂಡೆವು. ಎರಡನೆಯ ದಿನ ದೋಣಿಯಿಂದ ಮೊಸಳೆ ಕಂಡೆವು. ಅದನ್ನು ನೋಡಿ ಅತ್ತೆ, "ಕಡಬದ ಕೆರೇಗೆ ಇಂಥದ್ದೊಂದ್ ತಂದ್ ಬುಟ್ರೆ ಮೀನು ಕದಿಯೋರ್ ಕಾಟ ತಪ್ತದೆ" ಅಂದರು.

ಆದರೆ ಅತ್ತೆಯ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಕಾರಿಗೆ ಪೂಜೆಯೇ ಆಗಿರಲಿಲ್ಲ! ಶಿವುವನ್ನು ಕೇಳಿದರೆ, "ಇಲ್ಲಿ ಅದೆಲ್ಲ ಬೇಡ ಬಿಡಮ್ಮ, ನೋಡ್ದೋರು ನಗ್ತಾರೆ" ಅನ್ನುತ್ತಿದ್ದ. ಮೂರನೆಯ ದಿನ ಅವನು ಕಾಡಿನಂಚಿನಲ್ಲಿ ಕಾರು ನಿಲ್ಲಿಸಿ, ಕೀಲಿ ಅದರಲ್ಲೇ ಬಿಟ್ಟು, ಶೌಚಾಲಯಕ್ಕೆ ಹೋದ.

"ಅಳಿಯಂದ್ರೆ, ಅವ್ನು ಬರೋದ್ರೊಳಗೆ ಮುಗಿಸ್ಬುಡೋಣ" ಎಂದು ಅತ್ತೆ ಹಿಂದಿನ ಸೀಟಿನಲ್ಲಿ ಕೂತೇ ಚೀಲ ಬಿಚ್ಚಿದರು. ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು, ಊದುಬತ್ತಿ, ಒಂದು ಚಿಪ್ಪು ಬಾಳೆಹಣ್ಣು. ಎಲ್ಲ ಅಲ್ಲಿಯ ಅಂಗಡಿಯಲ್ಲೇ ಕೊಂಡದ್ದು. ಕುಂಕುಮ ಮಾತ್ರ ಗುಬ್ಬಿಯದು.

ಎದುರಿಗೆ ಒಂದು ಬೋರ್ಡು ಇತ್ತು. ಬಾಳೆಹಣ್ಣು ಹಿಡಿದು ನಿಂತಿದ್ದ ಸರೋಜ ಕೇಳಿದಳು. "ರೀ, ಆ ಹಕ್ಕಿ ಚಿತ್ರದ ಕೆಳಗೆ ಏನ್ ಬರ್ದಿದಾರೆ?"

ನಾನು ಮೊದಲ ಎರಡು ಸಾಲು ಓದಿದೆ. "ಕ್ಯಾಸೊವರಿ ಅಂತ. ಹಣ್ಣು ತಿಂದು ಬದುಕೋದಂತೆ. ಸಸ್ಯಾಹಾರಿ ಕಣೇ, ನಮ್ಮೋನೇ!"

ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲು ಇದ್ದವು. ಪೂಜೆಗೆ ಹೊತ್ತಾಗುತ್ತಿತ್ತು!

ಚಿಪ್ಪಿನಿಂದ ಒಂದು ಬಾಳೆಹಣ್ಣು ಮುರಿದು, ಅದಕ್ಕೆ ಊದುಬತ್ತಿ ಚುಚ್ಚಿ ಬಾನೆಟ್ ಮೇಲೆ ಇಟ್ಟೆ. ಗಾಜಿಗೆ ಕುಂಕುಮ ಹಚ್ಚಿದೆ. ಕಾಯಿ ಒಡೆದೆ. ನಿಂಬೆಹಣ್ಣು ಇಡಲು ಬಗ್ಗಿದಾಗ ಪೊದೆ ಸರಿದಾಡಿತು.

ಹಕ್ಕಿ ನನ್ನಷ್ಟೇ ಎತ್ತರ ಇತ್ತು. ಮೈ ಕಪ್ಪು, ಕುತ್ತಿಗೆ ನೀಲಿ, ತಲೆಯ ಮೇಲೆ ಕೊಂಬಿನಂಥ ಕಿರೀಟ. ಅತ್ತೆ ಗಾಜಿನೊಳಗಿಂದಲೇ ಕೈ ಮುಗಿದರು. "ಯಾವ್ ದೇವ್ರ ವಾಹನಾನೋ!"

ವಾಹನ ಬಾನೆಟ್ ಹತ್ತಿರ ಬಂತು. ಊದುಬತ್ತಿಯನ್ನು ಕೊಕ್ಕಿನಿಂದ ಪಕ್ಕಕ್ಕೆ ತಳ್ಳಿ, ಬಾಳೆಹಣ್ಣನ್ನು ಸಿಪ್ಪೆ ಸಮೇತ ನುಂಗಿತು. ಗಂಟಲಲ್ಲಿ ಹಣ್ಣು ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಆಮೇಲೆ ಸರೋಜಳ ಕೈಯಲ್ಲಿದ್ದ ಬಾಳೆಯ ಚಿಪ್ಪನ್ನು ನೋಡಿತು.

ಈಗ ನನ್ನ ಪಾತ್ರ. ನಾನು ಎದ್ದೆ. ಹೆಂಡತಿ ನನ್ನಿಂದ ಮೂರು ಹೆಜ್ಜೆ ದೂರ, ಕಾರಿನ ಬಾಗಿಲು ಒಂದು ಹೆಜ್ಜೆ. ನಾನು ಹತ್ತಿರದ್ದನ್ನು ಆರಿಸಿಕೊಂಡೆ. ಒಳಗೆ ಕೂತು ಬಾಗಿಲು ಎಳೆದು ಒಂದು ಗುಂಡಿ ಒತ್ತಿದೆ. ಟಕ್! ನಾಲ್ಕೂ ಬಾಗಿಲು ಬೀಗ.

"ಬಾಗ್ಲು ತೆಗೀರಿ ಅಳಿಯಂದ್ರೆ! ನನ್ ಮಗಳು ಹೊರಗವ್ಳೆ!"

ತೆಗೆಯಲು ನಾನು ಮನಸಾರೆ ಪ್ರಯತ್ನಿಸಿದೆ. ಒತ್ತಿದ ಗುಂಡಿ ಯಾವುದೆಂದೇ ಮರೆತಿತ್ತು. ಒಂದನ್ನು ಒತ್ತಿದರೆ ಹಾಡು ಬಂತು. ಇನ್ನೊಂದನ್ನು ಎಳೆದರೆ ವೈಪರ್ ಓಡಿ ಗಾಜಿಗೆಲ್ಲ ಕುಂಕುಮ ಬಳಿಯಿತು. ಆ ಕೆಂಪಿನ ನಡುವೆ ಬೋರ್ಡು ನೇರ ಎದುರಿಗೇ ಕಾಣುತ್ತಿತ್ತು. ಉಳಿದ ನಾಲ್ಕು ಸಾಲನ್ನು ಆಗ ಓದಿದೆ. ಈ ಹಕ್ಕಿ ಹಣ್ಣಿನ ಆಸೆಗೆ ಮೈಮೇಲೆ ಬರುತ್ತದೆ. ಒದೆಯುತ್ತದೆ. ಅದರ ಉಗುರಿಗೆ ಹೊಟ್ಟೆ ಸೀಳುವ ಶಕ್ತಿ ಇದೆ!

ಸರೋಜ ಕಾರಿನ ಸುತ್ತ ನಡೆಯತೊಡಗಿದಳು. ಹಕ್ಕಿ ಹಿಂದೆ. ಬಲಗಡೆಯಿಂದ, ಶಾಸ್ತ್ರಪ್ರಕಾರ. ನನ್ನ ಕಿಟಕಿ ದಾಟುವಾಗಲೆಲ್ಲ ಒಂದು ಮಾತು.

ಮೊದಲ ಸುತ್ತು: "ತೆಗೀರೀ!"

"ಗಾಬರಿಯಾಗ್ಬೇಡ, ಸಸ್ಯಾಹಾರಿ!" ಎಂದು ಗಾಜಿನೊಳಗಿಂದ ಕೂಗಿದೆ. ಇದನ್ನು ನಾನು ಹೇಳಿದ್ದು ನಿಜ.

ಎರಡನೆಯ ಸುತ್ತು: "ನಿಮ್ಗೆ ಹೇಳ್ತಿರೋದು, ತೆಗೀರಿ!"

ಮೂರನೆಯ ಸುತ್ತಿನಲ್ಲಿ ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಇರ್ಲಿ ಬಿಡಿ. ಅಲ್ಲೇ ಕೂತಿರಿ."

ಅಷ್ಟರಲ್ಲಿ ಶಿವು ಓಡಿ ಬಂದ. "ಅಕ್ಕಾ, ಹಣ್ಣು ಬಿಸಾಕು! ಬೆನ್ನು ತಿರುಗಿಸ್ಬೇಡ, ಮೆತ್ತಗೆ ಹಿಂದಕ್ಕೆ ಬಾ!" ಅವಳು ಚಿಪ್ಪನ್ನು ದೂರ ಎಸೆದಳು. ಹಕ್ಕಿ ಅತ್ತ ಹೋಯಿತು. ಒಳಗೆ ಅತ್ತೆ ತಮ್ಮ ಪಕ್ಕದ ಬಾಗಿಲಿನ ಹಿಡಿಯನ್ನು ಸುಮ್ಮನೆ ಎಳೆದರು. ಬಾಗಿಲು ತೆರೆಯಿತು.

ಅಷ್ಟೇ ಇತ್ತು ಕೆಲಸ!

ಸರೋಜ ಒಳಗೆ ಬಂದು ಕೂತಳು. ಬೈಯುತ್ತಾಳೆಂದು ಕಾದೆ. ಅವಳು ನನಗೆ ನೀರಿನ ಬಾಟಲಿ ಕೊಟ್ಟಳು. "ಕುಡೀರಿ ಮೊದ್ಲು. ಎಷ್ಟ್ ಹೆದ್ರಿದೀರ ಪಾಪ."

"ಭಾವ, ಅದಕ್ಕೆ ಹಣ್ಣು ಕೊಡೋದು ಇಲ್ಲಿ ಅಪರಾಧ ಗೊತ್ತಾ?" ಅಂದ ಶಿವು.

"ಕೊಟ್ಟಿಲ್ಲಪ್ಪ, ಅದು ನೈವೇದ್ಯ" ಅಂದೆ.

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಮೂವರು, ಮೂವರೂ ಇದ್ದಾರೆ. ಶಿವು ಅಲ್ಲೇ ಇದ್ದಾನೆ. ಅತ್ತೆ ಗುಬ್ಬಿಯಲ್ಲಿದ್ದಾರೆ. ಒಮ್ಮೊಮ್ಮೆ ನನ್ನನ್ನು ಕರೆಂಟ್ ಮೀಟರ್ ನೋಡುವವನೆಂದು ತಿಳಿಯುತ್ತಾರೆ, ಆದರೆ ಈ ಸಂಗತಿಯಲ್ಲಿ ಒಂದಕ್ಷರ ಮರೆತಿಲ್ಲ. ಮೂರನೆಯವಳು ಸರೋಜ, ತುಮಕೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಕುಣಿಗಲ್ಲಿಗೆ ಮದುವೆಗೆ ಹೊರಟರೂ ಕಾರಿನ ಪಕ್ಕ ನನ್ನ ತೋಳು ಹಿಡಿದು ನಿಲ್ಲಿಸುತ್ತಾಳೆ.

"ತಡೀರಿ. ಎಲ್ರೂ ಹತ್ಲಿ, ಆಮೇಲೆ ನೀವು."